ಬೀದರಿನಲ್ಲಿ ಹತ್ತು ಮುಖಗಳು

ನಮ್ಮನ್ನು ಬೀದರಿಗೆ ಕರೆದೊಯ್ದದ್ದು ಮಗಳ ಕಾಲೇಜಿನ ಒಂದು ಅಸೈನ್‌ಮೆಂಟ್. ಅವಳು ಪದವಿಯಲ್ಲಿ ಪತ್ರಿಕೋದ್ಯಮವನ್ನು ಆರಿಸಿಕೊಂಡಿದ್ದಾಳೆ. ಪರಿಚಯವಿಲ್ಲದ ಹತ್ತು ಜನರ ಭಾವಚಿತ್ರಗಳನ್ನು ಅವರಿರುವ ಜಾಗದಲ್ಲೇ ತೆಗೆದು, ಪ್ರತಿಯೊಂದರ ಕೆಳಗೆ ನಾಲ್ಕು ಸಾಲು ಬರೆದು ಒಪ್ಪಿಸಬೇಕು ಎಂದು ಅಧ್ಯಾಪಕರು ಹೇಳಿದ್ದರು. ಕಾಲೇಜಿನ ಒಂದು ಕ್ಯಾಮೆರಾವನ್ನೂ ಎರವಲು ಕೊಟ್ಟಿದ್ದರು. ಮಂಗಳೂರಿನ ಬಂದರಿಗೆ ಹೋಗಿ ಒಂದೇ ದಿನದಲ್ಲಿ ಮುಗಿಸಿ ಬಿಡೋಣ ಎಂದು ಅವಳ ಯೋಚನೆ. "ಅಲ್ಲಿ ಅರ್ಧಕ್ಕರ್ಧ ಜನ ನಿನ್ನ ಮಾವಂದಿರ ಪರಿಚಯದವರೇ, ಅಪರಿಚಿತರು ಎಲ್ಲಿ ಸಿಗುತ್ತಾರೆ?" ಎಂದು ನಾನು ನಕ್ಕೆ.

ಬೀದರ್ ಎಂದದ್ದು ನಾನೇ. ಮದ್ರಸದಲ್ಲಿ ಓದುತ್ತಿದ್ದಾಗ ನಮ್ಮ ಉಸ್ತಾದರು ಮಹಮೂದ್ ಗವಾನರ ಮದ್ರಸದ ಬಗ್ಗೆ ಹೇಳುತ್ತಿದ್ದರು. ಮೂರು ಅಂತಸ್ತಿನ ಕಟ್ಟಡ, ದೊಡ್ಡ ಗ್ರಂಥಾಲಯ, ಹೊರ ದೇಶಗಳಿಂದ ಬಂದ ವಿದ್ವಾಂಸರು. ನಾವು ಹೆಂಚಿನ ಮಾಡಿನ ಕೆಳಗೆ ಚಾಪೆಯ ಮೇಲೆ ಕುಳಿತು ಅದನ್ನು ಬಾಯಿ ತೆರೆದು ಕೇಳುತ್ತಿದ್ದೆವು. ಆ ಮೇಲೆ ನಾನೂ ಟೀಚರ್ ಆದೆ, ಮದುವೆಯ ನಂತರ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಕೂಡಾ ಮಾಡಿದೆ. ಆದರೆ ಬೀದರ್ ಮಾತ್ರ ನೋಡಿರಲಿಲ್ಲ. 2024ರ ದಸರಾ ರಜೆಯಲ್ಲಿ ನಾನು, ಯಜಮಾನರು ಮತ್ತು ಮಗಳು ಬೆಂಗಳೂರಿಗೆ ಹೋಗಿ ಅಲ್ಲಿಂದ ರಾತ್ರಿ ರೈಲು ಹಿಡಿದೆವು.

ಫೋಟೋ ಎಂಬ ವಿಷಯದಲ್ಲಿ ನನ್ನ ಮನಸ್ಸು ಎಂದೂ ಪೂರ್ತಿ ಹಗುರವಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿ ಬಿಡುತ್ತೇನೆ. ನಮ್ಮ ಬಾಲ್ಯದಲ್ಲಿ ಮನೆಯ ಗೋಡೆಗೆ ಫೋಟೋ ಹಾಕುವ ರೂಢಿಯಿರಲಿಲ್ಲ. ಉಲಮಾಗಳಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಚಿತ್ರ ಬಿಡಿಸುವುದಕ್ಕಿರುವ ನಿಷೇಧ ಕ್ಯಾಮೆರಾಕ್ಕೂ ಅನ್ವಯಿಸುತ್ತದೆ ಎಂದವರಿದ್ದಾರೆ. ಕನ್ನಡಿಯಲ್ಲಿ ಬೀಳುವ ಬಿಂಬವನ್ನು ಹಿಡಿದಿಡುವುದಷ್ಟೇ, ಅದು ಹೊಸತಾಗಿ ರೂಪಿಸಿದಂತಲ್ಲ ಎಂದವರೂ ಇದ್ದಾರೆ. ಕಳೆದ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಈ ಎರಡನೆಯ ಅಭಿಪ್ರಾಯದ ಪರವಾಗಿ ಒಂದು ಕಿರುಗ್ರಂಥವನ್ನೇ ಬರೆದಿದ್ದಾರೆ. ಇಂದು ಪಾಸ್‌ಪೋರ್ಟ್, ಆಧಾರ್, ಹಜ್ಜ್ ಅರ್ಜಿ ಎಲ್ಲದಕ್ಕೂ ಫೋಟೋ ಬೇಕು. ಆದ್ದರಿಂದ ನಾವೆಲ್ಲ ಒಂದಿಲ್ಲೊಂದು ಬಗೆಯಲ್ಲಿ ಫೋಟೋದ ಜೊತೆಗೇ ಬದುಕುತ್ತಿದ್ದೇವೆ.

ನನ್ನ ತಾಯಿಯದ್ದೆಂದು ಇರುವುದು ಒಂದೇ ಒಂದು ಫೋಟೋ. 1997ರಲ್ಲಿ ಹಜ್ಜ್‌ಗೆ ಹೋಗುವ ಮುಂಚೆ ಪಟ್ಟಣದ ಸ್ಟುಡಿಯೋದಲ್ಲಿ ತೆಗೆಸಿದ್ದು. ಫ್ಲ್ಯಾಶ್ ಬಿದ್ದಾಗ ಬೆಚ್ಚಿದ ಕಣ್ಣು, ಬಿಗಿದ ತುಟಿ. ಅಮ್ಮ ಅಂಥ ಮುಖ ಮಾಡಿದ್ದನ್ನು ನಾನು ಮನೆಯಲ್ಲಿ ಒಂದು ದಿನವೂ ನೋಡಿಲ್ಲ. ಅವರೀಗ ಇಲ್ಲ. ನನ್ನ ಮಗಳಿಗೆ ಅಜ್ಜಿಯೆಂದರೆ ಆ ಬೆಚ್ಚಿದ ಮುಖವೇ.

ಬೀದರಿನ ಮಣ್ಣು ಕೆಂಪು. ನಮ್ಮ ಊರಿನ ಮುರಕಲ್ಲಿನ ಬಣ್ಣವೇ. ಕರಾವಳಿಯಿಂದ ಇಷ್ಟು ದೂರ ಬಂದು ಅದೇ ಕಲ್ಲಿನ ಕೋಟೆ ನೋಡುವಾಗ ಒಂದು ಬಗೆಯ ಸಲುಗೆ ಹುಟ್ಟುತ್ತದೆ. ಕೋಟೆಯ ಬಗ್ಗೆ ಬರೆಯಲು ಹೊರಟರೆ ಈ ಲೇಖನ ಮುಗಿಯದು, ಬಿಟ್ಟು ಬಿಡುತ್ತೇನೆ. ಮದ್ರಸದ ಬಗ್ಗೆ ಮಾತ್ರ ನಾಲ್ಕು ಮಾತು. ಮಹಮೂದ್ ಗವಾನರು ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ವಜೀರರಾದವರು. 1472ರಲ್ಲಿ ಈ ಮದ್ರಸ ಕಟ್ಟಿಸಿದರು. ವಿರೋಧಿಗಳು ಅವರ ಹೆಸರಿನಲ್ಲಿ ಸೃಷ್ಟಿಸಿದ ಒಂದು ಸುಳ್ಳು ಪತ್ರವನ್ನು ನಂಬಿ 1481ರಲ್ಲಿ ಸುಲ್ತಾನನು ಅವರ ತಲೆ ಕಡಿಸಿದನು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗ ಹಾರಿ ಹೋಯಿತು. ಎರಡು ಮಿನಾರಗಳಲ್ಲಿ ಈಗ ಉಳಿದಿರುವುದು ಒಂದು. ಅದರ ಮೇಲೆ ಅಲ್ಲಲ್ಲಿ ನೀಲಿ, ಹಸಿರು, ಬಿಳಿ ಹೆಂಚುಗಳು ಇನ್ನೂ ಅಂಟಿಕೊಂಡಿವೆ. ನಾನು ಒಂದು ಕೋಣೆಯ ಹೊಸ್ತಿಲಲ್ಲಿ ಕುಳಿತು ಉಸ್ತಾದರಿಗಾಗಿ ದುಆ ಮಾಡಿದೆ.

ಮಗಳು ಅಷ್ಟರಲ್ಲಿ ಕೆಲಸ ಶುರು ಮಾಡಿದ್ದಳು. ಮೊದಲ ದಿನದ ಚಿತ್ರಗಳು ಒಂದೂ ಚೆನ್ನಾಗಿ ಬರಲಿಲ್ಲ. ನಡು ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬಿದ್ದರೆ ಎಲ್ಲರ ಕಣ್ಣೂ ಎರಡು ಕಪ್ಪು ಗುಳಿಗಳಂತೆ ಕಾಣುತ್ತವೆ. ಚಹಾ ಅಂಗಡಿಯ ಹುಡುಗನನ್ನು ಬಿಸಿಲಿಗೆ ಕರೆದು ನಿಲ್ಲಿಸಿದಳು. ಅವನು ಕಣ್ಣು ಕಿರಿದು ಮಾಡಿಕೊಂಡು, ಸೈನಿಕನ ಹಾಗೆ ಕೈ ಇಳಿಬಿಟ್ಟು ನಿಂತ. ಮರುದಿನ ಅವಳೇ ದಾರಿ ಕಂಡುಕೊಂಡಳು. ಜನರನ್ನು ಅವರ ಜಾಗದಿಂದ ಏಳಿಸಬಾರದು, ನಾವೇ ಹೋಗಿ ಅವರ ಎದುರು ಕೂರಬೇಕು. ಹಳೆಯ ಮನೆಗಳ ಬಾಗಿಲ ಒಳಗೆ ಎರಡು ಹೆಜ್ಜೆ ಇಟ್ಟರೆ ಬಿಸಿಲು ನೇರವಾಗಿ ಬೀಳುವುದಿಲ್ಲ, ಬೀದಿಯ ಬೆಳಕು ಮಾತ್ರ ಒಂದು ಕಡೆಯಿಂದ ಮೆಲ್ಲನೆ ಬರುತ್ತದೆ. ಯಾವ ಸ್ಟುಡಿಯೋದಲ್ಲೂ ಅಂಥ ಬೆಳಕು ಸಿಗದು. ಫ್ಲ್ಯಾಶ್ ಬೇಡವೇ ಬೇಡ. ಮಕ್ಕಳ ಚಿತ್ರ ತೆಗೆಯುವಾಗ ನೆಲದ ಮೇಲೆ ಕೂರಬೇಕು. ಮೊಬೈಲಿನಲ್ಲಿ ತೆಗೆಯುವವರು ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ, ಎರಡು ಹೆಜ್ಜೆ ಹಿಂದೆ ನಿಲ್ಲುವುದು ವಾಸಿ. ಇದನ್ನೆಲ್ಲ ಅವಳು ನನಗೆ ಕಲಿಸಿದಳು, ನಾನು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದೆ.

ಎಲ್ಲಕ್ಕಿಂತ ಸುಲಭವಾಗಿ ಆದದ್ದು ಬಿದ್ರಿ ಕಾರ್ಖಾನೆಯ ಚಿತ್ರ. ಕಾರ್ಖಾನೆ ಎಂದರೆ ಒಂದು ಸಣ್ಣ ಕೋಣೆ. ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಅಚ್ಚು ಹೊಯ್ದ ಹೂಜಿಯನ್ನು ಕಾಲುಗಳ ನಡುವೆ ಹಿಡಿದುಕೊಂಡು ಒಬ್ಬ ಹಿರಿಯರು ಕೆತ್ತುತ್ತಿದ್ದರು. ಮೈಲುತುತ್ತು ಬಳಿದು ಮೊದಲು ಹೂಜಿಯನ್ನು ಕಪ್ಪಾಗಿಸುತ್ತಾರೆ, ಆಗ ಗೀರಿದ ಗೆರೆ ಎದ್ದು ಕಾಣುತ್ತದೆ. ಅಳತೆ ಪಟ್ಟಿಯಿಲ್ಲ, ನಕ್ಷೆಯಿಲ್ಲ, ಕೈಯೇ ನಕ್ಷೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ನವಸಾಗರವನ್ನು ಕೋಟೆಯ ಒಳಗಿನ ಹಳೆಯ ಮಣ್ಣಿನೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಾಗಿದೆಯೇ ಎಂದು ನಾಲಿಗೆಗೆ ಮುಟ್ಟಿಸಿ ನೋಡುತ್ತಾರಂತೆ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಇದೇ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ನೀವು ಓದಿರಬಹುದು. ನಾವು ಕಂಡ ಹಿರಿಯರಿಗೆ ಯಾವ ಪ್ರಶಸ್ತಿಯೂ ಬಂದಿರಲಿಲ್ಲ. ಅವರು ಕ್ಯಾಮೆರಾದ ಕಡೆ ತಲೆಯೆತ್ತಲೇ ಇಲ್ಲ. "ತೆಗೆದುಕೋ ಮಗಾ, ಆದರೆ ಉಳಿಯ ಕಡೆಯಿಂದ ನನ್ನ ಕಣ್ಣು ತೆಗೆಸಬೇಡ" ಎಂದರು. ಆ ಚಿತ್ರದಲ್ಲಿ ಅವರ ರೆಪ್ಪೆಗಳು ಮತ್ತು ಬೆರಳುಗಳು ಮಾತ್ರ ಕಾಣುತ್ತವೆ. ಅದೇ ಚಂದ.

ಎಡವಟ್ಟಾದದ್ದು ಆ ದಿನ ಅಸರ್‌ನ ನಂತರ.

ಹಳೇ ಊರಿನ ಒಂದು ಓಣಿಯಲ್ಲಿ ನಡೆಯುತ್ತಿದ್ದೆವು. ತೆರೆದ ಬಾಗಿಲೊಳಗೆ ಒಬ್ಬ ವೃದ್ಧೆ ನೆಲದಲ್ಲಿ ಕುಳಿತು ಜೋಳ ಕೇರುತ್ತಿದ್ದರು. ಪಡುವಣ ಬಿಸಿಲು ಓಣಿಯ ಗೋಡೆಗೆ ಬಿದ್ದು ಅಲ್ಲಿಂದ ಅವರ ಮುಖಕ್ಕೆ ಹೋಗುತ್ತಿತ್ತು. ಮೊರದಿಂದ ಎದ್ದ ಹೊಟ್ಟು ಗಾಳಿಯಲ್ಲಿ ಹೊಳೆಯುತ್ತಿತ್ತು. ನಾನೇ ನಿಂತು ನೋಡಿದೆ. ನಾನು ನೋಡುತ್ತಿರುವಾಗಲೇ ಮಗಳು ಓಣಿಯ ಆ ಬದಿಯಿಂದ ಕ್ಯಾಮೆರಾ ಎತ್ತಿ ಕ್ಲಿಕ್ ಮಾಡಿದಳು. ಒಂದಲ್ಲ, ನಾಲ್ಕೈದು. ಆ ತಾಯಿ ತಲೆಯೆತ್ತಿದರು. ಅವರ ತಲೆಯ ಮೇಲೆ ಸೆರಗು ಇರಲಿಲ್ಲ. ಮನೆಯೊಳಗೆ ಇದ್ದವರಿಗೆ ಸೆರಗೇಕೆ? ಎರಡೂ ಕೈಯಿಂದ ಸೆರಗೆಳೆದುಕೊಳ್ಳುವಾಗ ಮೊರ ಮಗುಚಿ ಜೋಳ ಚೆಲ್ಲಿತು.

"ಪುಛ್ಕೆ ಖೀಂಚನಾ ನಾ ಬೇಟಾ" ಎಂದರು. ಕೇಳಿ ತೆಗೆಯಬಾರದಿತ್ತೇ ಮಗಾ, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಸಲಾಮ್ ಹೇಳಿ ಒಳಗೆ ಹೋಗಿ ಮಾಫ್ ಮಾಡಿ ಎಂದೆ. ನಾವಿಬ್ಬರೂ ನೆಲಕ್ಕೆ ಕುಳಿತು ಜೋಳ ಹೆಕ್ಕಿದೆವು. ಮಗಳು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಒಂದೊಂದೇ ಚಿತ್ರ ತೋರಿಸಿ ಅವರ ಕಣ್ಣೆದುರೇ ಅಳಿಸಿದಳು. ಬಹಳ ಸುಂದರವಾಗಿದ್ದವು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅವಳ ಬೆರಳು ಒಂದು ಚಿತ್ರದ ಮೇಲೆ ಸ್ವಲ್ಪ ಹೊತ್ತು ನಿಂತದ್ದನ್ನು ನಾನು ಗಮನಿಸಿದೆ. ಬುರ್ಖಾ ತೊಟ್ಟ ತಾಯಿ ಜೊತೆಗಿದ್ದದ್ದಕ್ಕೇ ಅವಳಿಗೆ ಆ ಓಣಿಯೊಳಗೆ ಅಷ್ಟು ಸಲೀಸಾಗಿ ಪ್ರವೇಶ ಸಿಕ್ಕಿದ್ದು. ಒಂದು ರೀತಿಯಲ್ಲಿ ನಾನು ಅವಳಿಗೆ ಜಾಮೀನು. ಆ ಜಾಮೀನು ಮುರಿದಂತಾಯಿತು.

ಅನ್ಯರ ಮನೆಗೆ ಹೋದಾಗ ಅನುಮತಿ ಕೇಳಿ, ಸಲಾಮ್ ಹೇಳಿ ಒಳಗೆ ಹೋಗಬೇಕೆಂದು ಸೂರಾ ನೂರ್‌ನಲ್ಲಿರುವುದನ್ನು ಎಷ್ಟು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ! ಮೂರು ಸಲ ಕೇಳಿ, ಉತ್ತರ ಬಾರದಿದ್ದರೆ ಬೇಸರಪಡದೆ ಹಿಂತಿರುಗಬೇಕು ಎಂಬುದನ್ನೂ ಕಲಿಸುತ್ತೇನೆ. ಕಾಲು ಹೊಸ್ತಿಲು ದಾಟದಿದ್ದರೂ ಕ್ಯಾಮೆರಾ ದಾಟುತ್ತದೆ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

ಅಂದು ರಾತ್ರಿ ಲಾಡ್ಜ್‌ನಲ್ಲಿ ಮಗಳು ಊಟ ಮಾಡಲಿಲ್ಲ. "ದೊಡ್ಡ ದೊಡ್ಡ ಫೋಟೋಗ್ರಾಫರ್‌ಗಳು ಕೇಳಿ ತೆಗೆಯುತ್ತಾರಾ?" ಎಂದು ವಾದಿಸಿದಳು. ಅವಳ ಪಠ್ಯದಲ್ಲೇ ಆ ಪ್ರಸಿದ್ಧ ಅಫ್ಘಾನ್ ಹುಡುಗಿಯ ಚಿತ್ರವಿದೆ. ಹಸಿರು ಕಣ್ಣು, ಹರಿದ ಕೆಂಪು ಶಾಲು. ನೀವೂ ನೋಡಿರುತ್ತೀರಿ. 1984ರಲ್ಲಿ ಪೇಶಾವರದ ಬಳಿಯ ನಾಸಿರ್‌ಬಾಗ್ ನಿರಾಶ್ರಿತರ ಶಿಬಿರದ ಶಾಲೆಯ ಡೇರೆಯಲ್ಲಿ ಸ್ಟೀವ್ ಮೆಕ್‌ಕರಿ ಅದನ್ನು ತೆಗೆದರು. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಬಂತು. ಜಗತ್ತೆಲ್ಲ ಆ ಕಣ್ಣುಗಳನ್ನು ನೋಡಿತು. ಆಕೆಯ ಹೆಸರನ್ನು ಮಾತ್ರ ಯಾರೂ ಬರೆದುಕೊಂಡಿರಲಿಲ್ಲ. 2002ರಲ್ಲಿ ಹುಡುಕಿಕೊಂಡು ಹೋದಾಗ ಆಕೆ ಮಕ್ಕಳ ತಾಯಿಯಾಗಿದ್ದರು, ಹೆಸರು ಶರ್ಬತ್ ಗುಲಾ. ಅದೇ ಮಹಿಳೆಯೋ ಎಂದು ಖಚಿತಪಡಿಸಲು ಕಣ್ಣಿನ ಪಾಪೆಯನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಬೇಕಾಯಿತು. ಹದಿನೇಳು ವರ್ಷ ಜಗತ್ತಿನ ಗೋಡೆಗಳ ಮೇಲಿದ್ದ ತನ್ನ ಚಿತ್ರವನ್ನು ಆಕೆ ಮೊದಲ ಬಾರಿ ನೋಡಿದ್ದು ಆಗ. ಯಾರೋ ಅಪರಿಚಿತ ಗಂಡಸು ಫೋಟೋ ತೆಗೆದದ್ದಕ್ಕೆ ತನಗೆ ಅಂದು ಸಿಟ್ಟು ಬಂದಿತ್ತು ಎಂಬುದು ಆಕೆಗೆ ನೆನಪಿತ್ತು. ನಾವೆಲ್ಲ ಯುದ್ಧದ ಭಯ ಎಂದು ಓದಿಕೊಂಡ ಆ ನೋಟದಲ್ಲಿ ಇದ್ದದ್ದು ಸಿಟ್ಟೋ ಏನೋ!

ಆ ನಂತರವೂ ಕಥೆ ಮುಗಿಯಲಿಲ್ಲ. 2016ರಲ್ಲಿ ನಕಲಿ ಗುರುತು ಚೀಟಿ ಹೊಂದಿದ ಆರೋಪದಲ್ಲಿ ಪಾಕಿಸ್ತಾನದಲ್ಲಿ ಆಕೆಯ ಬಂಧನವಾಯಿತು. ಹಲವು ನಿರಾಶ್ರಿತರು ಅದೇ ದಾರಿ ಹಿಡಿದಿದ್ದರೂ ಆಕೆಯ ಮುಖ ಮಾತ್ರ ಎಲ್ಲರಿಗೂ ಗೊತ್ತಿತ್ತು. ಆಕೆಯನ್ನು ಅಫ್ಘಾನಿಸ್ತಾನಕ್ಕೆ ಕಳುಹಿಸಿದರು. ತಾಲಿಬಾನ್ ಮರಳಿದ ನಂತರ 2021ರ ನವೆಂಬರ್‌ನಲ್ಲಿ ಇಟಲಿ ಆಶ್ರಯ ಕೊಟ್ಟಿತು. ಆ ಫೋಟೋದಿಂದ ಉಪಕಾರಕ್ಕಿಂತ ತೊಂದರೆಯೇ ಹೆಚ್ಚಾಯಿತು ಎಂಬರ್ಥದಲ್ಲಿ ಆಕೆ ಪತ್ರಕರ್ತರಿಗೆ ಹೇಳಿದ್ದುಂಟು. ಚಿತ್ರದಿಂದಾಗಿ ಅಫ್ಘಾನ್ ನಿರಾಶ್ರಿತರ ಕಡೆಗೆ ಲೋಕದ ಗಮನ ಹರಿದದ್ದೂ ನಿಜವೇ. ಎರಡನ್ನೂ ಮಗಳಿಗೆ ಹೇಳಿದೆ.

ಇದಕ್ಕಿಂತ ಕಠೋರವಾದದ್ದು ಅಲ್ಜೀರಿಯಾದ್ದು. 1960ರಲ್ಲಿ ಫ್ರೆಂಚ್ ಸೇನೆಯಲ್ಲಿದ್ದ ಮಾರ್ಕ್ ಗಾರಾಂಜೆ ಎಂಬ ಯುವ ಸೈನಿಕನಿಗೆ ಹಳ್ಳಿಯವರ ಗುರುತು ಚೀಟಿಗಾಗಿ ಫೋಟೋ ತೆಗೆಯಲು ಅಪ್ಪಣೆಯಾಯಿತು. ಹೆಂಗಸರು ಮುಖಪರದೆ ತೆಗೆಯಲೇಬೇಕು. ಹತ್ತು ದಿನಗಳಲ್ಲಿ ಸುಮಾರು 2000 ಜನ, ಹೆಚ್ಚಿನವರು ಸ್ತ್ರೀಯರು. ಮನೆಯವರಲ್ಲದ ಗಂಡಸಿನೆದುರು ಹಾಗೆ ಕುಳಿತದ್ದು ಅವರಿಗೆ ಜೀವನದಲ್ಲಿ ಮೊದಲ ಸಲ. ಬೇಡವೆನ್ನುವ ಅವಕಾಶವಿರಲಿಲ್ಲ. ಆದ್ದರಿಂದ ಅವರು ನೇರವಾಗಿ ಲೆನ್ಸಿನೊಳಗೆ ದಿಟ್ಟಿಸಿದರು. ಆ ಸೈನಿಕನೇ ಮುಂದೆ ಅವುಗಳನ್ನು ಪುಸ್ತಕವಾಗಿ ಪ್ರಕಟಿಸಿ, ಅದು ಆ ಸ್ತ್ರೀಯರ ಪ್ರತಿಭಟನೆ ಎಂದು ಸಾರಿದನು. ನಾನು ಆ ಚಿತ್ರಗಳನ್ನು ನೋಡಿದ್ದೇನೆ. ಕೆಲವು ಮುಖಗಳನ್ನು ಹೆಚ್ಚು ಹೊತ್ತು ನೋಡಲು ಆಗುವುದಿಲ್ಲ.

ದೂರದ ಮಾತೇಕೆ? 2021ರ ಜುಲೈಯಲ್ಲಿ ಒಂದು, 2022ರ ಜನವರಿ ಒಂದರಂದು ಇನ್ನೊಂದು ಆ್ಯಪ್‌ನಲ್ಲಿ ನಮ್ಮದೇ ದೇಶದ ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಕದ್ದು ಹರಾಜಿನ ಸರಕಿನಂತೆ ಹಾಕಿದ್ದನ್ನು ನಾವು ಮರೆತಿಲ್ಲ. ಅದೇ ವರ್ಷ ನಮ್ಮ ಕರಾವಳಿಯ ಕಾಲೇಜು ಗೇಟುಗಳ ಎದುರು ಹಿಜಾಬ್ ತೊಟ್ಟ ಹುಡುಗಿಯರ ಹಿಂದೆ ಕ್ಯಾಮೆರಾಗಳು ಓಡಿದ್ದೂ ನೆನಪಿದೆ. ಮಗಳಾಗ ಹೈಸ್ಕೂಲಿನಲ್ಲಿದ್ದಳು. ಪುಸ್ತಕದಿಂದ ಮುಖ ಮುಚ್ಚಿಕೊಂಡು ಓಡುತ್ತಿದ್ದ ಒಂದು ಹುಡುಗಿಯನ್ನು ಟಿವಿಯಲ್ಲಿ ನೋಡಿ ಅತ್ತಿದ್ದಳು. ಅದನ್ನು ಜ್ಞಾಪಿಸಿದೆ. ಅವಳು ವಾದ ನಿಲ್ಲಿಸಿ ದೀಪ ಆರಿಸಿದಳು. ನಾನು ಸ್ವಲ್ಪ ಹೆಚ್ಚೇ ಹೇಳಿದೆನೇನೋ ಎಂದು ಯಜಮಾನರು ಮರುದಿನ ಗದರಿದರು.

ಆ ಮರುದಿನ ಅಷ್ಟೂರಿಗೆ ಹೋದೆವು. ಊರಿನಿಂದ ಮೂರು ಕಿಲೋಮೀಟರ್‌ನಷ್ಟು ದೂರ, ಬಯಲಿನಲ್ಲಿ ಸಾಲಾಗಿ ಬಹಮನಿ ಸುಲ್ತಾನರ ಗುಂಬಜ್‌ಗಳು. ಅವುಗಳಲ್ಲಿ ಅಹ್ಮದ್ ಶಾಹ್ ವಲಿಯವರದ್ದು ಮುಖ್ಯವಾದದ್ದು. ಹಿಂದೂಗಳು ಅವರನ್ನು ಅಲ್ಲಮಪ್ರಭು ಎಂದು ಗೌರವಿಸುತ್ತಾರೆ, ಉರೂಸಿಗೆ ಎರಡೂ ಕಡೆಯವರು ಬರುತ್ತಾರೆ. ಒಳಗೆ ಬಹಳ ಕತ್ತಲೆ. ಅಲ್ಲಿ ನೋಡಿಕೊಳ್ಳುವವರೊಬ್ಬರು ಬಾಗಿಲ ಬಳಿ ನಿಂತು ಒಂದು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಗುಂಬಜದ ಒಳಮೈ ತಟ್ಟನೆ ಹೊತ್ತಿಕೊಂಡಂತಾಯಿತು. ಕೆಂಪು, ನೀಲಿ, ಬಂಗಾರದ ಬಳ್ಳಿಗಳು, ಅಕ್ಷರಗಳು. ಆರು ನೂರು ವರ್ಷಗಳ ಹಿಂದಿನ ಬಣ್ಣ.

ಮಗಳು ಮೊದಲು ಅವರ ಹೆಸರು ಕೇಳಿದಳು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿದಳು. ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ತಾನಾಗಿಯೇ ವಿವರಿಸಿದಳು. ಅವರು ಒಪ್ಪಿದ ಮೇಲೆ ಕನ್ನಡಿಯನ್ನು ನಮ್ಮ ಯಜಮಾನರ ಕೈಗೆ ಕೊಡಿಸಿ, ಬೆಳಕನ್ನು ಪಕ್ಕದ ಗೋಡೆಗೆ ಹಾಯಿಸಲು ಹೇಳಿದಳು. ಗೋಡೆಯಿಂದ ಹಿಂತಿರುಗಿದ ಬೆಳಕು ಆ ಮನುಷ್ಯನ ಮುಖಕ್ಕೆ ಮೆತ್ತಗೆ ಬಿತ್ತು. ದಿನವಿಡೀ ಬೇರೆಯವರಿಗೆ ಬೆಳಕು ತೋರಿಸುವವರನ್ನು ಬೆಳಕಿನಲ್ಲಿ ನೋಡಿದ್ದು ನಮಗೆಲ್ಲ ಖುಷಿಯಾಯಿತು, ಅವರಿಗೆ ಸ್ವಲ್ಪ ನಾಚಿಕೆಯಾಯಿತು.

ಸಂಜೆ ಅದೇ ಓಣಿಗೆ ಹೋದೆವು. ಕ್ಯಾಮೆರಾ ಚೀಲದೊಳಗಿತ್ತು. ಆ ತಾಯಿಗೆಂದು ಊರಿನಿಂದ ತಂದಿದ್ದ ಹಲಸಿನ ಹಪ್ಪಳದ ಒಂದು ಕಟ್ಟು ಒಯ್ದಿದ್ದೆ. ಅವರು ಚಹಾ ಮಾಡಿದರು. ಮಾತಿನ ನಡುವೆ ಪೆಟ್ಟಿಗೆಯಿಂದ ಆಧಾರ್ ಕಾರ್ಡ್ ತೆಗೆದು ಮಗಳ ಕೈಗಿತ್ತು, "ಇದರಲ್ಲಿರುವುದು ನಾನಾ? ನೀನೇ ಹೇಳು" ಎಂದರು. ಮಸುಕಾದ, ಬೆಚ್ಚಿದ ಒಂದು ಮುಖ. ನನಗೆ ಅಮ್ಮನ ನೆನಪಾಯಿತು. ಪರ ಊರಿನಲ್ಲಿ ದುಡಿಯುವ ಮಗ ಎಷ್ಟೋ ಸಲ ಒಂದು ಫೋಟೋ ಕೇಳಿದ್ದಾನೆ, ಮೊಬೈಲಿನಲ್ಲಿ ಬೇಡ, ಅದು ಯಾರ್ಯಾರ ಕೈಗೋ ಹೋಗುತ್ತದೆ, ಕಾಗದದ್ದು ಆದರೆ ಸರಿ ಎಂದರು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೆಯುತ್ತೀಯಾ? ಆದರೆ ನಿನ್ನ ಡಬ್ಬದಲ್ಲಿ ಉಳಿಯಬಾರದು" ಎಂದು ಶರ್ತ ಹಾಕಿದರು.

ಅವರು ಮುಖ ತೊಳೆದು ಬಂದರು. ತಲೆ ತುಂಬ ಬಿಳಿ ದುಪಟ್ಟಾ ಹೊದ್ದರು. ಮಗಳು ಅವರನ್ನು ಮೊರದ ಮುಂದೆ ಕೂರಿಸಲಿಲ್ಲ, ಅವರು ಹೇಳಿದಲ್ಲೇ, ಕಿಟಕಿಯ ಬಳಿಯ ಮಂಚದ ಮೇಲೆ ಕೂರಿಸಿದಳು. ಮಗನ ಬಗ್ಗೆ ನಾನು ಏನೋ ಕೇಳಿದೆ, ಅವರು ಉತ್ತರಿಸುತ್ತಾ ನಕ್ಕರು. ಆ ನಗೆ ಬಂದಾಗ ಮಗಳು ತೆಗೆದಳು. ಅಂಗಡಿ ಮುಚ್ಚುವ ಮೊದಲು ಯಜಮಾನರು ಪೇಟೆಯ ಸ್ಟುಡಿಯೋಗೆ ಓಡಿ ಎರಡು ಪ್ರಿಂಟ್ ಹಾಕಿಸಿ ತಂದರು. ಅಲ್ಲಿನ ಕಂಪ್ಯೂಟರಿನಿಂದಲೂ ಅಳಿಸುವವರೆಗೆ ನಿಂತಿದ್ದರಂತೆ. ಎರಡನ್ನೂ ಆ ತಾಯಿಯ ಕೈಗಿತ್ತೆವು. ಅವರು ಒಂದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮಾಷಾ ಅಲ್ಲಾಹ್ ಎಂದು ತಮಗೆ ತಾವೇ ಹೇಳಿಕೊಂಡರು. ಮಗಳು ಕ್ಯಾಮೆರಾದಿಂದ ಚಿತ್ರ ಅಳಿಸಿದಳು. ಈ ಸಲ ಅವಳ ಬೆರಳು ಎಲ್ಲಿಯೂ ನಿಲ್ಲಲಿಲ್ಲ.

ಹೀಗಾಗಿ ಕಾಲೇಜಿಗೆ ಒಪ್ಪಿಸಿದ್ದು ಒಂಬತ್ತೇ ಚಿತ್ರ. ಹತ್ತನೆಯ ಪುಟದಲ್ಲಿ ನಡೆದದ್ದನ್ನು ಬರೆದು ಜಾಗ ಖಾಲಿ ಬಿಟ್ಟಿದ್ದಳು. ಲೆಕ್ಕ ಪೂರ್ತಿಯಾಗಿಲ್ಲ ಎಂದು ಐದು ಅಂಕ ಕಳೆದರು. ಅವಳಿಗೆ ಬೇಸರವಾಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು.

ಉಳಿದ ಒಂಬತ್ತು ಮಂದಿಗೆ ಅವರವರ ಚಿತ್ರವನ್ನು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳುಹಿಸಿದೆವು. ಹಾಗೆ ಮಾತು ಕೊಟ್ಟು ಬಂದಿದ್ದೆವು. ಬಿದ್ರಿಯ ಹಿರಿಯರ ಮೊಮ್ಮಗ ಫೋನ್ ಮಾಡಿ ತಲುಪಿತೆಂದ. ಅಷ್ಟೂರಿನವರೂ ಮಾಡಿದರು. ಚಹಾ ಅಂಗಡಿಯ ಹುಡುಗನ ಲಕೋಟೆ ಮಾತ್ರ ವಿಳಾಸ ಅಪೂರ್ಣವೆಂಬ ಷರಾದೊಂದಿಗೆ ಹಿಂತಿರುಗಿ ಬಂತು. ಎರಡನೆಯ ದಿನ ಅಂಗಡಿಯ ನೆರಳಲ್ಲಿ, ಕೆಟಲ್ ಹಿಡಿದುಕೊಂಡು ನಗುತ್ತಾ ತೆಗೆಸಿಕೊಂಡದ್ದು. ಅದೀಗ ನಮ್ಮ ಕಪಾಟಿನಲ್ಲಿದೆ. ಬೀದರ್ ಕಡೆಗೆ ಹೋಗುವವರು ಯಾರಾದರೂ ಸಿಕ್ಕಿದರೆ ಕೊಟ್ಟು ಕಳುಹಿಸಬೇಕೆಂದಿದ್ದೇವೆ, ಇಲ್ಲವಾದರೆ ಇನ್‌ಶಾ ಅಲ್ಲಾಹ್ ನಾವೇ ಒಮ್ಮೆ ಹೋಗಿ ಬರುತ್ತೇವೆ.